ವಾಸನೆ ಹೋದ ವರ್ಷ ತಿಂದದ್ದು

ಕೊರೊನಾ ಎರಡನೆಯ ಸಲ ಜೋರಾಗಿ ಬಂದ ಬೇಸಿಗೆಯಲ್ಲಿ ನನಗೂ ಜ್ವರ ಬಂತು. ಜ್ವರ ಇಳಿಯಿತು, ಕೆಮ್ಮು ನಿಂತಿತು, ಮೈಕೈ ನೋವೂ ನಿಧಾನವಾಗಿ ಬಿಟ್ಟಿತು. ಹೋದ ವಾಸನೆ ಮಾತ್ರ ಹಿಂದಿರುಗಲಿಲ್ಲ. ಅದು ಹೋಗಿದೆ ಎಂದು ಗೊತ್ತಾದದ್ದು ಮಾವಿನ ಹಣ್ಣಿನಿಂದ. ನನ್ನನ್ನು ಮಾಳಿಗೆಯ ಕೋಣೆಯಲ್ಲಿ ಬೇರೆ ಇಟ್ಟಿದ್ದರು. ಗಂಡ ಹಣ್ಣು ಹೆಚ್ಚಿ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು. ಒಂದು ಹೋಳು ಬಾಯಿಗಿಟ್ಟೆ. ಸಿಹಿ ಇತ್ತು, ಸ್ವಲ್ಪ ಹುಳಿ ಇತ್ತು, ನಾರು ಹಲ್ಲಿಗೆ ಸಿಕ್ಕಿತು. ಆದರೆ ಮಾವಿರಲಿಲ್ಲ. ಸಕ್ಕರೆ ನೀರಿನಲ್ಲಿ ಅದ್ದಿದ ಅರಳೆಯನ್ನು ಅಗಿದ ಹಾಗಾಯಿತು. ಸಿಪ್ಪೆಯನ್ನು ಮೂಗಿಗೆ ಒತ್ತಿ ಹಿಡಿದೆ, ತಣ್ಣಗಿತ್ತು ಅಷ್ಟೆ.

ನಮ್ಮ ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿದೆ. ಗಂಡನಿಗೆ ನೀರೆತ್ತುವ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿಯಿದೆ. ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಮೇಲೆ ವಾರ್ನಿಶ್ ಬಳಿಯುವ ಕೆಲಸ. ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ನಾನು ಬಬಲೇಶ್ವರದ ಅಂಚೆ ಕಚೇರಿಯಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಾಲ್ಕನೆಯವರು ಅತ್ತೆ. ಅವರು ತಿಕೋಟಾ ಹತ್ತಿರದ ಬಿಜ್ಜರಗಿಯವರು. ನಮ್ಮ ಮದುವೆಯಾದ ಮರುವರ್ಷ ಹೊಲದ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಚಿಕಿತ್ಸೆಗೆಂದು ಕರೆತಂದವರು ಇಲ್ಲೇ ಉಳಿದರು. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಊರಿನ ಹೊಲವನ್ನು ಗಂಡನ ಅಣ್ಣ ನೋಡಿಕೊಳ್ಳುತ್ತಾರೆ.

ಅತ್ತೆ ನಮ್ಮ ಮನೆಗೆ ಬಂದ ದಿನದಿಂದ ಒಲೆಯ ಮುಂದೆ ನಿಂತವರಲ್ಲ. ಮೊಣಕಾಲು ನೋವು ಎನ್ನುತ್ತಿದ್ದರು. ಕಾಯಿಪಲ್ಲೆ ಸೋಸುವುದು, ಕಾಳು ಸುಲಿಯುವುದು, ರೊಟ್ಟಿ ಬಡಿಯುವುದು, ಇವೆಲ್ಲ ಕೂತು ಮಾಡುವ ಕೆಲಸ, ಮಾಡುತ್ತಿದ್ದರು. ಅಡುಗೆಯ ವಿಷಯದಲ್ಲಿ ಅವರದು ಒಂದೇ ಹಟ. ಹೊತ್ತಿಗೆ ಬಾರದ ಕಾಯಿಯನ್ನೋ ಹಣ್ಣನ್ನೋ ಅವರು ಮುಟ್ಟುತ್ತಿರಲಿಲ್ಲ. ನಾನು ಬೇಸಿಗೆಯಲ್ಲಿ ಹೂಕೋಸು ತರುತ್ತಿದ್ದೆ, ಮಳೆಗಾಲದಲ್ಲಿ ದ್ರಾಕ್ಷಿ ತರುತ್ತಿದ್ದೆ, ವಾರಕ್ಕಾಗುವಷ್ಟನ್ನು ಫ್ರಿಜ್ಜಿನಲ್ಲಿ ತುಂಬುತ್ತಿದ್ದೆ. ಕೆಲಸಕ್ಕೆ ಹೋಗುವ ಹೆಂಗಸಿಗೆ ಬೇರೆ ದಾರಿ ಇರಲಿಲ್ಲ. ಅತ್ತೆ ಅಂಥದನ್ನು ತಟ್ಟೆಯ ಅಂಚಿಗೆ ಸರಿಸಿ, "ಈಗ ಇದರ ಹೊತ್ತಲ್ಲ" ಎನ್ನುತ್ತಿದ್ದರು. ಜಗಳವಾಡುತ್ತಿರಲಿಲ್ಲ. ಹಳ್ಳಿಯ ರೂಢಿ ಎಂದುಕೊಂಡು ನಾನೂ ಬಿಟ್ಟುಬಿಟ್ಟಿದ್ದೆ. ನಮ್ಮಿಬ್ಬರ ನಡುವೆ ಮಾತೇ ಕಡಿಮೆ. ವೈರವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದೇ ಬಸ್ಸಿನಲ್ಲಿ ದಿನಾ ಪ್ರಯಾಣ ಮಾಡುವವರ ನಡುವೆ ಇರುವಷ್ಟು ಪರಿಚಯ ಇತ್ತು.

ವಾಸನೆ ಹೋದ ವಿಷಯವನ್ನು ಗಂಡನಿಗೆ ಮಾತ್ರ ಹೇಳಿದೆ. ಬಹಳ ಮಂದಿಗೆ ಹಾಗಾಗಿತ್ತು, ಹೆಚ್ಚಿನವರಿಗೆ ಬೇಗ ಮರಳಿತ್ತು. ನನಗೂ ಬರುತ್ತದೆ ಎಂದು ಸುಮ್ಮನಿದ್ದೆ. ಕಚೇರಿಗೆ ಹೋಗತೊಡಗಿದೆ. ಚಹಾ ಬಿಸಿ ಸಿಹಿನೀರಾಗಿತ್ತು. ಒಗ್ಗರಣೆ ಬರೀ ಚಟಪಟ ಸದ್ದಾಗಿತ್ತು. ಬಸ್ಸಿನಲ್ಲಿ ಡೀಸೆಲ್ ವಾಸನೆ, ಬೆವರಿನ ವಾಸನೆ ಏನೂ ಇಲ್ಲದೆ ಕೂತು ಹೋಗುವುದು ಮೊದಮೊದಲು ಆರಾಮವೇ ಅನ್ನಿಸಿತು. ಆಮೇಲಾಮೇಲೆ ಗಾಜಿನಾಚೆ ನಿಂತು ಊರನ್ನು ನೋಡಿದ ಹಾಗಾಗತೊಡಗಿತು. ದುಃಖ ಎನ್ನುವಷ್ಟು ದೊಡ್ಡದೇನಲ್ಲ. ಹಸಿವಾಗುತ್ತಿತ್ತು, ತಿನ್ನುತ್ತಿದ್ದೆ, ಏನು ತಿಂದೆ ಎಂಬುದು ಸಂಜೆಗೆ ನೆನಪಿರುತ್ತಿರಲಿಲ್ಲ.

ಆಷಾಢದ ಒಂದು ಭಾನುವಾರ ಮಧ್ಯಾಹ್ನ ಹಾಲು ಕಾಯಿಸಲು ಇಟ್ಟು ಹೊರಗೆ ಪಡಸಾಲೆಗೆ ಬಂದೆ. ಒಗೆದ ಬಟ್ಟೆ ಮಡಚುತ್ತ ಕೂತೆ. ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸು ಹಾಗೆಯೇ ಹರಿಯುತ್ತಿದೆ. ನನಗೆ ಗೊತ್ತಾಗಲಿಲ್ಲ. ಅತ್ತೆ ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲೇ ಇದ್ದರು. ಗಂಡ ಅಂಗಡಿಯಲ್ಲಿದ್ದರು, ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಪಕ್ಕದ ಮನೆಯಾಕೆ ಬರದೇ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ. ಆಕೆಯ ಮನೆತನದವರು ಗೋಳಗುಮ್ಮಟದ ಎದುರಿಗೆ ಪ್ರವಾಸಿಗರಿಗೆ ಹಣ್ಣು, ಷರಬತ್ತು ಮಾರುವ ಅಂಗಡಿ ಇಟ್ಟುಕೊಂಡು ಬಹಳ ಕಾಲವಾಗಿದೆ. ಹಿಂದಿನ ದಿನ ನಮ್ಮಿಂದ ಒಯ್ದ ಪಾತ್ರೆ ಹಿಂತಿರುಗಿಸಲು ಬಂದವಳು ಹೊಸ್ತಿಲಲ್ಲೇ ಸೆರಗನ್ನು ಮೂಗಿಗೆ ಹಿಡಿದಳು.

"ಯಾ ಅಲ್ಲಾ! ಮನ್ಯಾಗ ಗ್ಯಾಸ ತುಂಬೇತಿ, ನೀವಿಬ್ಬರೂ ಹಿಂಗ ಕುಂತೀರಿ? ಲೈಟ ಹಚ್ಚಬ್ಯಾಡ್ರಿ, ಯಾವ ಬಟನ್ನೂ ಒತ್ತಬ್ಯಾಡ್ರಿ!"

ಆಕೆಯೇ ಒಳಗೆ ನುಗ್ಗಿ ಒಲೆಯ ಗುಂಡಿ ತಿರುಗಿಸಿ, ಸಿಲಿಂಡರು ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದಳು. ನಾನು ಅತ್ತೆಯ ಕೈ ಹಿಡಿದು ಅಂಗಳಕ್ಕೆ ಕರೆತಂದೆ. ಅವರ ಮಡಿಲಲ್ಲಿ ಸುಲಿದ ಅಲಸಂದಿ ಕಾಳು ಇದ್ದವು, ಏಳುವಾಗ ನೆಲದ ಮೇಲೆಲ್ಲ ಉರುಳಿದವು. ಅತ್ತೆಗೆ ಕೂತಲ್ಲೇ ಕಣ್ಣು ಹತ್ತಿರಬೇಕು ಎಂದುಕೊಂಡೆ. ಸಂಜೆ ಗಂಡ ಬಂದ ಮೇಲೆ ವಿಷಯ ಹೇಳಲೇಬೇಕಾಯಿತು.

"ಆಕಿಗೆ ವಾಸನಿ ಹೋಗಿ ಎರಡ ತಿಂಗಳಾತು ಯವ್ವಾ. ಇನ್ನ ಬಂದಿಲ್ಲ" ಎಂದರು ಗಂಡ.

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. "ನಾಳಿಂದ ಒಲಿ ಮುಂದ ನಾನೂ ನಿಂದರ್ತೀನಿ" ಎಂದರು. ಮೊಣಕಾಲಿನ ಮಾತು ಎತ್ತಲಿಲ್ಲ.

ಗಂಡ ನನ್ನನ್ನು ಕಿವಿ ಮೂಗಿನ ಡಾಕ್ಟರಲ್ಲಿಗೆ ಕರೆದೊಯ್ದರು. ಔಷಧ ಅಂತ ಏನಿಲ್ಲ, ದಿನಾ ಬೆಳಿಗ್ಗೆ ಸಂಜೆ ನಿಂಬೆಸಿಪ್ಪೆ, ಲವಂಗ, ನೀಲಗಿರಿ ಎಣ್ಣೆ ಇಂಥವನ್ನು ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದರು ಅವರು. ಸಣ್ಣ ಬಾಟಲಿಗಳಲ್ಲಿ ತುಂಬಿ ಕಪಾಟಿನಲ್ಲಿಟ್ಟುಕೊಂಡು ಮೂಸತೊಡಗಿದೆ. ಖಾಲಿ ಬಾವಿಗೆ ಕೊಡ ಇಳಿಬಿಟ್ಟ ಹಾಗಿರುತ್ತಿತ್ತು. ಅತ್ತೆ ಅದನ್ನು ನೋಡುತ್ತಿದ್ದರು, ಬೇಡ ಎನ್ನಲಿಲ್ಲ. ಅವರು ತಮ್ಮದೇ ಇನ್ನೊಂದು ಏರ್ಪಾಡು ಶುರುಮಾಡಿದ್ದರು.

ಬಬಲೇಶ್ವರದಲ್ಲಿ ನಮ್ಮ ಕಚೇರಿಯ ಹತ್ತಿರ ಬಸ್ಸು ನಿಲ್ಲುವ ಕಡೆ ಮಮದಾಪುರದ ಕಡೆಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂಡುತ್ತಾರೆ. ಅಲ್ಲಿನ ಹಳೆಯ ಕೆರೆಗಳ ಕೆಳಗೆ ಬೆಳೆದ ಕಾಯಿಪಲ್ಲೆ ಅವರು ತರುವುದು. ನಾನು ಅಲ್ಲಿ ಯಾವತ್ತೂ ಕೊಂಡವಳಲ್ಲ, ಬಸ್ಸಿನ ಗಡಿಬಿಡಿ. ಅತ್ತೆ ಒಂದು ಬಟ್ಟೆಯ ಚೀಲ ಕೊಟ್ಟು ಹೇಳಿದರು:

"ಅಲ್ಲಿ ಎಲ್ಲಾರ ಬುಟ್ಟ್ಯಾಗೂ ಯಾವುದು ಇರತೈತಿ ಅದನ್ನ ತಾ. ಒಬ್ಬಾಕಿ ಬುಟ್ಟ್ಯಾಗ ಅಷ್ಟ ಇದ್ದಿದ್ದು ಬ್ಯಾಡ."

"ದಿನಾ ಅದ ಅದ ಇರತೈತೆಲ್ಲರಿ?"

"ಇರ್ಲಿ. ಅದು ಮುಗಿಯೂತನಕ ಅದನ್ನ ತಿನ್ನೂದು."

ಹಾಗಾಗಿ ಶ್ರಾವಣವಿಡೀ ಹೀರೇಕಾಯಿ ತಿಂದೆವು. ಪಲ್ಲೆ, ಬೇಳೆಯೊಳಗೆ, ಸಿಪ್ಪೆಯ ಚಟ್ನಿ, ಮತ್ತೆ ಪಲ್ಲೆ. ಮಗಳು ಗೊಣಗಿದಳು. ಜೊತೆಗೆ ಎಳೆ ಸೌತೆಕಾಯಿ, ಹುಳಿಯಾದ ಪುಂಡಿಸೊಪ್ಪು, ಹಾಗಲಕಾಯಿ. ಭಾದ್ರಪದದ ಹೊತ್ತಿಗೆ ಚವಳಿಕಾಯಿ ಅಂದರೆ ಗೋರಿಕಾಯಿಯೂ, ಹಕ್ಕರಕಿಯೂ ಬಂದವು. ಹಕ್ಕರಕಿ ಎಂದರೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸಣ್ಣ ಸೊಪ್ಪು. ಅದನ್ನು ಬೇಯಿಸುವುದಿಲ್ಲ, ತೊಳೆದು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು. ಎಲೆ ಕಟಕಟ ಮುರಿಯುತ್ತದೆ, ಕೊನೆಗೆ ಒಂದಿಷ್ಟು ಕಹಿ.

ಆ ತಿಂಗಳುಗಳಲ್ಲಿ ನನಗೆ ಒಂದು ವಿಷಯ ತಿಳಿಯಿತು. ಹೋದದ್ದು ಮೂಗು, ನಾಲಿಗೆಯಲ್ಲ. ಹುಳಿ, ಕಹಿ, ಖಾರ, ಉಪ್ಪು ಇನ್ನೂ ಅಲ್ಲೇ ಇದ್ದವು. ಹಲ್ಲಿಗೆ ಗೊತ್ತಾಗುವುದೂ ಬಹಳ ಇತ್ತು. ಬೆಳಿಗ್ಗೆ ಕಿತ್ತ ಸೌತೆಕಾಯಿ ಒಡೆಯುವ ಸದ್ದೇ ಬೇರೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಮಲಗಿದ್ದು ಬಗ್ಗುವುದೇ ಬೇರೆ. ಮೊದಲೂ ಈ ಭೇದ ಇತ್ತು, ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಅತ್ತೆ ಹೇಗೋ ನನ್ನ ನಾಲಿಗೆಗೆ ಎಟಕುವಂಥದನ್ನೇ ಬಡಿಸುತ್ತಿದ್ದರು. ಪುಂಡಿಪಲ್ಲೆಗೆ ಹಸಿಮೆಣಸು ಜಾಸ್ತಿ ಹಾಕುವರು. ಹಾಗಲಕಾಯಿಯ ಕಹಿ ತೆಗೆಯದೆ ಹುರಿಯುವರು. ಊಟದ ಕೊನೆಗೆ ಮೊಸರಿಗೆ ಹಸಿ ಉಳ್ಳಾಗಡ್ಡಿ. ಇದನ್ನೆಲ್ಲ ಹೇಗೆ ಬಲ್ಲಿರಿ ಎಂದು ಕೇಳಬೇಕೆನಿಸುತ್ತಿತ್ತು, ಕೇಳಿರಲಿಲ್ಲ.

ದಸರೆಯ ಹೊತ್ತಿಗೆ ಸೀತಾಫಲ ಬಂತು. ಗಂಡನ ಅಣ್ಣ ಬಿಜ್ಜರಗಿಯಿಂದ ಒಂದು ಚೀಲ ಕಳಿಸಿದ್ದರು. ಎಲ್ಲ ಗಟ್ಟಿ ಕಾಯಿ. ಅತ್ತೆ ಅವನ್ನು ಜೋಳದ ಡಬ್ಬದಲ್ಲಿ ಹೂತಿಟ್ಟರು. ದಿನಾ ಬೆಳಿಗ್ಗೆ ಕೈ ಹಾಕಿ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿ, ಹಣ್ಣಾದದ್ದನ್ನು ಎತ್ತಿ ಕೊಡುತ್ತಿದ್ದರು. ಮಗಳು ಮಾತ್ರ ಡಬ್ಬದ ಮುಚ್ಚಳ ತೆಗೆದು ಮೂಗಿಟ್ಟು, "ಇವತ್ತ ಹಣ್ಣಾಗ್ಯಾವು" ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಅತ್ತೆ ಅವಳನ್ನು ನೋಡಿ ನಗುತ್ತಿದ್ದರು. ನನಗೆ ಸೀತಾಫಲ ಸಿಹಿ ಮರಳಿನ ಹಾಗಿತ್ತು, ಆದರೂ ಬೀಜ ಬಿಡಿಸಿ ಬಿಡಿಸಿ ತಿನ್ನುವ ಕೆಲಸಕ್ಕಾಗಿಯೇ ತಿಂದೆ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಬಿಜ್ಜರಗಿಗೆ ಹೋದೆವು. ನಮ್ಮ ಕಡೆ ಅವತ್ತು ಹೊಲಕ್ಕೆ ಅಡುಗೆ ಒಯ್ದು, ಬೆಳೆಯ ಸುತ್ತ ಒಂದಿಷ್ಟು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಹಿಂದಿನ ದಿನವೇ ಹೋಗಿ ಉಳಿದೆವು. ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ನನ್ನನ್ನು ಎಬ್ಬಿಸಿ, "ಬಾ, ಕಡ್ಲಿ ತಪ್ಪಲಾ ತರೂಣು" ಎಂದರು. ಕಡಲೆ ಹೊಲ ಮನೆಯಿಂದ ಹತ್ತಿರವೇ. ಆಚೆ ದ್ರಾಕ್ಷಿ ತೋಟದ ಕಂಬಗಳು ಮಂಜಿನಲ್ಲಿ ಅರ್ಧ ಕಾಣುತ್ತಿದ್ದವು. ಯಾರದೋ ಕುರಿಮಂದೆ ಎದ್ದು ಹೊರಡುವ ಸದ್ದು ಬರುತ್ತಿತ್ತು. ಎಳೆ ಕಡಲೆಗಿಡದ ಮೇಲೆ ಬೆಳಗಿನ ಇಬ್ಬನಿ ಕೂತರೆ ಅದು ಹುಳಿಯಾಗುತ್ತದೆ, ಗಿಡವೇ ಹುಳಿ ಬಿಡುತ್ತದೆ. ಅತ್ತೆ ಬಗ್ಗಿ ತುದಿ ಚಿವುಟಿ ನನ್ನ ಕೈಗೆ ಹಾಕಿದರು. ಬಾಯಿಗೆ ಹಾಕಿಕೊಂಡೆ. ಹುಳಿ ಎಷ್ಟು ಚುರುಕಾಗಿತ್ತೆಂದರೆ ಕಿವಿಯ ಹಿಂದೆ ಜುಮ್ಮೆಂದಿತು. ಇಷ್ಟು ತಿಂಗಳಲ್ಲಿ ಪೂರ್ತಿಯಾಗಿ ಅನ್ನಿಸಿದ ಮೊದಲ ರುಚಿ ಅದು.

"ಇದು ಛಲೋ ಹತ್ತಿತು ನೋಡ್ರಿ" ಎಂದೆ.

"ಹತ್ತತೈತಿ. ಇದಕ್ಕ ಮೂಗ ಬೇಕಾಗಂಗಿಲ್ಲ" ಎಂದರು. ಇನ್ನೊಂದಿಷ್ಟು ಚಿವುಟಿ ತಮ್ಮ ಬಾಯಿಗೆ ಹಾಕಿಕೊಂಡು, ಗಿಡದಿಂದ ಕಣ್ಣೆತ್ತದೆ ಹೇಳಿದರು: "ನನಗೂ ಬರಂಗಿಲ್ಲ ಬೇ."

"ಏನ ಬರಂಗಿಲ್ಲರಿ?"

"ವಾಸನಿ. ಬಾವ್ಯಾಗ ಬಿದ್ದಾಗ ಹೋತು. ತಿರುಗಿ ಬರಲೇ ಇಲ್ಲ."

ನಾನು ಅಲ್ಲೇ ಬದುವಿನ ಮೇಲೆ ಕೂತೆ. ಅವರೂ ಸೆರಗಿನಲ್ಲಿ ಸೊಪ್ಪು ಕಟ್ಟಿಕೊಂಡು ಬಂದು ಕೂತರು. ಅವರ ಮಾತಿನಲ್ಲಿ ಗುಟ್ಟು ಬಿಡುವವರ ಬಿಗುವು ಇರಲಿಲ್ಲ. ಮಳೆ ಬಂದದ್ದು ಹೋದದ್ದು ಹೇಳಿದ ಹಾಗೆ ಹೇಳಿದರು. ಬಿದ್ದ ಮೇಲೆ ತಲೆಯ ಗಾಯ ಮಾಯಿತು. ಆಸ್ಪತ್ರೆಯಲ್ಲಿ ಯಾರೂ ವಾಸನೆಯ ಬಗ್ಗೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ನಾನಿಲ್ಲದಾಗ ಬೇಳೆಗೆ ಇಟ್ಟು ಪೂರ್ತಿ ಹೊತ್ತಿಸಿಬಿಟ್ಟಿದ್ದರಂತೆ. ನಾನು ಬರುವಷ್ಟರಲ್ಲಿ ಪಾತ್ರೆ ತಿಕ್ಕಿ ಇಟ್ಟಿದ್ದರು. ಅವತ್ತಿನಿಂದ ಮೊಣಕಾಲು ನೋವು.

"ಮೊಮ್ಮಗಳ ಹುಟ್ಟಿದಾಗ ಆಕಿ ನೆತ್ತಿ ಮೂಸಿದೆ. ಏನೂ ಬರ್ಲಿಲ್ಲ. ಅವತ್ತ ಒಂದ ದಿನ ಭಾಳ ಕೆಟ್ಟ ಅನಸಿತ್ತು" ಎಂದರು. "ಆಮ್ಯಾಲ ರೂಢ್ಯಾತು."

ಆಗ ನನಗೆ ಆಷಾಢದ ಮಧ್ಯಾಹ್ನ ನೆನಪಾಯಿತು. "ಹಂಗಾರ ಅವತ್ತ ಗ್ಯಾಸ ತುಂಬಿದಾಗ ನೀವು ನಿದ್ದಿ ಮಾಡಿರಲಿಲ್ಲ?"

"ಎಲ್ಲಿ ನಿದ್ದಿ? ಎಚ್ಚರ ಇದ್ದೆ. ಕಾಳ ಸುಲೀತಿದ್ದೆ." ಸೆರಗಿನ ಸೊಪ್ಪಿನ ಗಂಟು ಬಿಗಿದು, "ಒಂದ ಮನ್ಯಾಗ ಇಬ್ಬರು ಮೂಗಿಲ್ಲದಾಕಿಗೋಳು" ಎಂದು ನಕ್ಕುಬಿಟ್ಟರು. ನನಗೂ ನಗು ಬಂತು, ಸ್ವಲ್ಪ ಹೆದರಿಕೆಯೂ ಬಂತು. ಬಾವಿಯ ಕಡೆಯಿಂದ ಗಂಡನ ಅಣ್ಣ ಯಾಕೆ ನಗುತ್ತೀರಿ ಎಂದು ಕೂಗಿ ಕೇಳಿದರು. ಅತ್ತೆ, "ಏನಿಲ್ಲೋ, ತಪ್ಪಲ ಹುಳಿ ಐತಿ" ಎಂದರು.

ಹೊತ್ತಿಗೆ ಬಾರದ್ದನ್ನು ಯಾಕೆ ಮುಟ್ಟುವುದಿಲ್ಲ ಎಂಬುದಕ್ಕೂ ಅವತ್ತೇ ಉತ್ತರ ಸಿಕ್ಕಿತು. ನಾನು ಅದನ್ನು ಹಿರಿಯರ ಆರೋಗ್ಯದ ನಂಬಿಕೆ ಎಂದುಕೊಂಡಿದ್ದೆ. ಅವರದು ಅದಕ್ಕಿಂತ ಸರಳ ಕಾರಣ. ಒಂದು ಕಾಯಿ ತನ್ನ ಕಾಲದಲ್ಲಿ ಬಂದರೆ ಊರ ತುಂಬ ಬರುತ್ತದೆ, ಇವತ್ತು ಕಿತ್ತದ್ದು ಇವತ್ತೇ ಸಿಗುತ್ತದೆ, ಮೂಸಿ ನೋಡುವ ಕೆಲಸವಿಲ್ಲ. ದೂರದಿಂದ ಬಂದದ್ದು, ಪೆಟ್ಟಿಗೆಯಲ್ಲಿ ಮಲಗಿದ್ದು, ಫ್ರಿಜ್ಜಿನಲ್ಲಿ ಕೂತದ್ದು ಕೆಟ್ಟಿದೆಯೋ ಇಲ್ಲವೋ ಎಂದು ಹೇಳುವುದು ಮೂಗು. "ಕಣ್ಣಿಗೆ ಛಲೋ ಕಾಣತಿತ್ತು, ತಿಂದ ಮ್ಯಾಲ ಹೊಟ್ಟಿ ಕೆಡತಿತ್ತು. ಎರಡ ಸಲ ಹಂಗಾತು. ಮತ್ಯಾಕ ಬೇಕು ಅಂತ ಬಿಟ್ಟೆ" ಎಂದರು. ಇಷ್ಟು ವರ್ಷ ತಟ್ಟೆಯ ಅಂಚಿಗೆ ಸರಿದ ನನ್ನ ಹೂಕೋಸಿನ ಹಿಂದೆ ಇದ್ದದ್ದು ಇಷ್ಟೇ.

ಅವತ್ತು ಹೊಲದಲ್ಲಿ ಊಟಕ್ಕೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ, ಮತ್ತೆ ಭಜ್ಜಿ. ಈ ಭಜ್ಜಿ ಕರಿದದ್ದಲ್ಲ. ಆ ಕಾಲಕ್ಕೆ ಹೊಲದಲ್ಲಿರುವ ಎಲ್ಲ ಎಳೆ ಕಾಳು, ಸೊಪ್ಪು, ಕಾಯಿಗಳನ್ನು ಕಡಲೆಹಿಟ್ಟಿನಲ್ಲಿ ಕುದಿಸಿದ ಪಲ್ಲೆ. ಮುಚ್ಚಳ ತೆಗೆದಾಗ ಎಲ್ಲರೂ ಆಹಾ ಎಂದರು. ಅತ್ತೆಯೂ ಎಂದರು. ಎಷ್ಟು ಸಹಜವಾಗಿ ಅಂದರು ಎಂದರೆ, ನನಗೆ ಗೊತ್ತಿಲ್ಲದಿದ್ದರೆ ನಾನೂ ನಂಬುತ್ತಿದ್ದೆ.

ಮನೆಗೆ ಬಂದ ಮೇಲೆ ಅವರು ಬೇಡವೆಂದರೂ ಗಂಡನಿಗೆ ಹೇಳಿದೆ, ಗ್ಯಾಸಿನ ವಿಷಯವಾದ್ದರಿಂದ. ಗಂಡ ಮೊದಲು ಸಿಟ್ಟಾದರು, ಆಮೇಲೆ ಡಾಕ್ಟರಲ್ಲಿಗೆ ತಾಯಿಯನ್ನೂ ಕರೆದೊಯ್ದರು. ತಲೆಗೆ ಪೆಟ್ಟಾಗಿ ಹೋದದ್ದು, ಇಷ್ಟು ವರ್ಷವಾದ ಮೇಲೆ ಕಷ್ಟ ಎಂದರು ಡಾಕ್ಟರು. "ನಾ ಮೊದಲ ಹೇಳಿದ್ನೆಲ್ಲೋ, ಸುಮ್ಮನ ಬಸ್ಸಿನ ರೊಕ್ಕ ಹೋತು" ಎಂದು ಅತ್ತೆ ಮಗನನ್ನೇ ಬೈದರು. ಮನೆಗೆ ಗ್ಯಾಸು ಸೋರಿದರೆ ಕೂಗುವ ಒಂದು ಯಂತ್ರ ಬಂತು. ಹಾಲು ಒಡೆದಿದೆಯೋ ನೋಡುವುದು, ಸಾರು ಹಳಸಿದೆಯೋ ಹೇಳುವುದು ಮಗಳ ಕೆಲಸವಾಯಿತು. ಗಂಡನ ಮೂಗು ವಾರ್ನಿಶ್ಶಿನಿಂದ ಮೊದಲೇ ಅರ್ಧ ಹೋಗಿತ್ತು, ನಂಬುವಂತಿರಲಿಲ್ಲ. "ನಾ ಕಾಲೇಜಿಗೆ ಬ್ಯಾರೆ ಊರಿಗೆ ಹ್ವಾದ್ರ ನೀವು ಏನ ಮಾಡ್ತೀರಿ?" ಎಂದು ಮಗಳು ಗತ್ತಿನಿಂದ ಕೇಳುತ್ತಿದ್ದಳು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ನನ್ನ ವಾಸನೆ ಮರಳಲು ಶುರುವಾಯಿತು. ಬಬಲೇಶ್ವರದಿಂದ ಹೊರಟ ಸಂಜೆಯ ಬಸ್ಸು, ನಿಲ್ಲಲೂ ಜಾಗವಿಲ್ಲ. ಯಾರೋ ಮೂಲಂಗಿಯ ಕಟ್ಟು ತುಂಬಿದ ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟಿದ್ದರು. ಮೂಗಿನೊಳಗೆ ಏನೋ ಕೊಳೆತಂಥ, ಒದ್ದೆ ಗೋಣಿಚೀಲದಂಥದ್ದು ಆಡಿತು. ಒಂದು ಕ್ಷಣ ಏನೆಂದೇ ತಿಳಿಯಲಿಲ್ಲ. ಬಗ್ಗಿ ಚೀಲದ ಹತ್ತಿರ ಮುಖ ಒಯ್ದೆ. ಮೂಲಂಗಿಯೇ. ಜಗತ್ತಿನಲ್ಲಿ ಇಷ್ಟೊಂದು ಒಳ್ಳೆಯ ವಾಸನೆಗಳಿರುವಾಗ ಮೊದಲು ಬಂದದ್ದು ಅದು. ಚೀಲದ ಒಡತಿ ನನ್ನನ್ನು ವಿಚಿತ್ರವಾಗಿ ನೋಡಿ, "ಬೇಕೇನ್ರಿ ಅಕ್ಕಾರ?" ಎಂದಳು. ಒಂದು ಕಟ್ಟು ತೆಗೆದುಕೊಂಡೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ನನಗೆ ಬಂತು, ಅವರಿಗೆ ಬರುವುದಿಲ್ಲ. ಹೇಗೆ ಹೇಳುವುದೆಂದು ಓಣಿಯ ತಿರುವಿನವರೆಗೂ ಯೋಚಿಸಿದ್ದೆ. ಅವರು ಮೂಲಂಗಿಯ ಕಟ್ಟು ಬಿಚ್ಚುತ್ತ, "ಹೌದಾ? ಛಲೋ ಆತು. ಹಂಗಾರ ಹಾಲ ನೋಡು, ಹುಡುಗಿ ಇನ್ನೂ ಬಂದಿಲ್ಲ" ಎಂದರು.

ಬಂದದ್ದು ಪೂರ್ತಿಯಾಗಿ ಬರಲಿಲ್ಲ, ಸರಿಯಾಗಿಯೂ ಬರಲಿಲ್ಲ. ಕೆಲವು ವಾಸನೆಗಳು ತಪ್ಪು ವೇಷದಲ್ಲಿ ಬಂದವು. ಉಳ್ಳಾಗಡ್ಡಿ ಹುರಿದರೆ ರಬ್ಬರು ಸುಟ್ಟ ಹಾಗೆ. ಪೇರಲ ಹಣ್ಣು ಸೀಮೆಎಣ್ಣೆಯ ಹಾಗೆ. ಕಾಫಿಪುಡಿಯನ್ನು ಮನೆಯಿಂದಲೇ ಹೊರಹಾಕಬೇಕಾಯಿತು. ಅತ್ತೆ ಇದನ್ನೆಲ್ಲ ಬಹಳ ಆಸಕ್ತಿಯಿಂದ ಕೇಳಿದರು. ಪೇರಲದ ಮಾತಿಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಂದಿನಿಂದ ಒಂದು ರೂಢಿ ಬೆಳೆಯಿತು. ಹೊಸದಾಗಿ ಏನು ಬಂದರೂ ಮೊದಲು ನನ್ನ ಮೂಗಿಗೆ ಹಿಡಿದು, "ಹೆಂಗೈತಿ ಹೇಳು" ಎನ್ನುವರು.

ಹೇಳುವುದು ಸುಲಭವಲ್ಲ ಎಂದು ಆಗ ಗೊತ್ತಾಯಿತು. ಸೀತನಿ ಬಂತು, ಹಾಲು ತುಂಬಿದ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು ಉದುರಿಸಿದ ಕಾಳು. "ಹೊಗಿ ಮತ್ತ ಹಾಲು" ಎಂದೆ. "ಅಷ್ಟ ಏನು? ಹುಲ್ಲಿಂದೂ ಬರತೈತೆಲ್ಲ?" ಎಂದರು. ಮತ್ತೆ ಮೂಸಿದೆ. ಹೌದು, ಹಸಿ ಹುಲ್ಲು ಇತ್ತು. ಮೂಗಿದ್ದವಳು ನಾನು, ನೆನಪಿದ್ದವರು ಅವರು. ಫೆಬ್ರವರಿಯಲ್ಲಿ ಬಿಜ್ಜರಗಿಯ ದ್ರಾಕ್ಷಿ ಬಂತು. ದ್ರಾಕ್ಷಿಗೆ ವಾಸನೆಯೇ ಇಲ್ಲ ಎಂದೆ. "ಅದಕ್ಕ ಮೊದಲಿಂದಲೂ ಇಲ್ಲ. ಒಣಾ ಹಾಕಿದ ಮ್ಯಾಲ ಬರತೈತಿ ಅದಕ್ಕ" ಎಂದು ತಾವೇ ಒಂದು ಗೊನೆ ಮುಂದಿಟ್ಟುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಂಡರು. ಸಿಪ್ಪೆ ಪಟ್ಟೆಂದು ಒಡೆಯುವುದು ನನಗೆ ಕೇಳುತ್ತಿತ್ತು. ಆಮೇಲೆ ಹೊಸ ಹುಣಸೆ, ಅದಾದ ಮೇಲೆ ರಂಜಾನಿನ ದಿನಗಳಲ್ಲಿ ಪಕ್ಕದ ಮನೆಯಿಂದ ಕಲ್ಲಂಗಡಿ, ಖರಬೂಜ. ಆ ವರ್ಷದ ಮಾವು ನನಗೆ ಮುಕ್ಕಾಲು ಪಾಲು ಮರಳಿತ್ತು. ಅತ್ತೆ ಅದರ ಬಗ್ಗೆ ಮಾತ್ರ ಏನೂ ಕೇಳಲಿಲ್ಲ, ರಸ ಹಿಂಡಿ ಸುಮ್ಮನೆ ಉಂಡರು.

ಈಗ ಅದಕ್ಕೆಲ್ಲ ಕೆಲವು ವರ್ಷಗಳಾದವು. ಮಗಳು ಓದಲು ಧಾರವಾಡಕ್ಕೆ ಹೋಗಿದ್ದಾಳೆ. ನನ್ನ ಮೂಗು ಎಲ್ಲಿಗೆ ನಿಂತಿತೋ ಅಲ್ಲೇ ಇದೆ. ಕಾಫಿ ಸರಿಹೋಯಿತು, ಉಳ್ಳಾಗಡ್ಡಿಯೂ ಸರಿಹೋಯಿತು, ಪೇರಲ ಇಂದಿಗೂ ಸೀಮೆಎಣ್ಣೆಯೇ. ಫ್ರಿಜ್ಜಿನಲ್ಲಿ ಹಾಲು, ಹಿಟ್ಟು, ಮಾತ್ರೆ ಬಿಟ್ಟರೆ ಹೆಚ್ಚೇನಿಲ್ಲ. ಇದನ್ನು ಒಂದು ಸಿದ್ಧಾಂತ ಎಂದು ಯಾರಿಗೂ ಹೇಳಿಲ್ಲ. ಚೀಲ ಹಿಡಿದು ದಿನಾ ಒಂದಿಷ್ಟು ತರುವುದು ಅಭ್ಯಾಸವಾಗಿದೆ, ಬಿಡಲು ಕಾರಣ ಸಿಕ್ಕಿಲ್ಲ. ಹೀರೇಕಾಯಿಯ ತಿಂಗಳಲ್ಲಿ ಈಗಲೂ ಬೇಸರ ಬರುತ್ತದೆ. ಬೇಸರ ಬಂದು ಇನ್ನು ಸಾಕು ಎನ್ನುವ ಹೊತ್ತಿಗೆ ಅದು ತಾನಾಗಿಯೇ ಬುಟ್ಟಿಗಳಿಂದ ಮಾಯವಾಗುತ್ತದೆ.

ಕಳೆದ ವರ್ಷ ನನಗೆ ತಿಕೋಟಾಕ್ಕೆ ವರ್ಗವಾಯಿತು. ಬಬಲೇಶ್ವರದ ಬುಟ್ಟಿಗಳು ತಪ್ಪಿದವು. ತಿಕೋಟಾದ ಕಡೆ ದ್ರಾಕ್ಷಿ ಬೇಕಾದಷ್ಟು, ಸೊಪ್ಪು ಅಷ್ಟಕ್ಕಷ್ಟೆ. ಮೊದಲ ವಾರ ಬರಿಗೈಯಲ್ಲಿ ಬಂದಾಗ ಅತ್ತೆ, "ಆ ಊರಾಗ ಮಂದಿ ಏನ ತಿಂತಾರಬೇ?" ಎಂದು ಕೇಳಿದರು. ಅವರ ತವರೂ ಗಂಡನ ಮನೆಯೂ ಅದೇ ಸೀಮೆಯಲ್ಲಿವೆ ಎಂದು ನೆನಪಿಸಿದೆ. "ಅದಕ್ಕ ಕೇಳಾಕತ್ತೇನಿ" ಎಂದರು.

ಈ ಸಲ ಮೊದಲ ಮಳೆ ಬಿದ್ದ ಮೇಲೆ ತಿಕೋಟಾದ ಬಸ್ ನಿಲ್ದಾಣದ ಹೊರಗೆ ನೇರಳೆ ಹಣ್ಣು ಕಂಡವು. ಎರಡು ಮೂರು ಮಂದಿ ತಟ್ಟೆಯಲ್ಲಿ ರಾಶಿ ಹಾಕಿಕೊಂಡು ಕೂತಿದ್ದರು. ಒಂದಿಷ್ಟು ಕೊಂಡು ಮನೆಗೆ ತಂದೆ. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ಇತ್ತೀಚೆಗೆ ಮೊಣಕಾಲು ನಿಜವಾಗಿಯೇ ನೋಯುತ್ತದೆ. ಬಟ್ಟಲಲ್ಲಿ ಹಾಕಿ ಉಪ್ಪು ಉದುರಿಸಿ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದರು. ನಾಲಿಗೆ ಒಗರಿಗೆ ಹಿಡಿದುಕೊಂಡಿತ್ತು.

"ಇನ್ನೂ ಪೂರಾ ಬಲತಿಲ್ಲ. ಎಂಟ ದಿನ ಬಿಟ್ಟ ತರಬೇಕಿತ್ತು" ಎಂದರು.

"ಬ್ಯಾಡಂದ್ರ ಇಡ್ರಿ" ಎಂದೆ.

"ಬ್ಯಾಡ ಅಂದ್ನೇನು?" ಎಂದು ಬೀಜವನ್ನು ಅಂಗಳಕ್ಕೆ ಉಗುಳಿ, ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು.